ಗಿರಿಜಕ್ಕನ ಗುರುವಾರಗಳು

ಮೊನ್ನೆ ಕೊಪ್ಪದ ಬಸ್‌ಸ್ಟ್ಯಾಂಡ್ ಹತ್ತಿರದ ಪುಸ್ತಕದ ಅಂಗಡಿಗೆ ನೋಟ್‌ಬುಕ್ಕು, ಪೆನ್ನು ತರಲು ಹೋಗಿದ್ದೆ. ಇಲಾಖೆಗೆ ಹೊಸದಾಗಿ ಸೇರಿದ ಇಂಜಿನಿಯರುಗಳಿಗೂ ವಿಜ್ಞಾನಿಗಳಿಗೂ ವರದಿ ಬರೆಯುವುದನ್ನು ಕಲಿಸುವ ಎರಡು ದಿನದ ತರಬೇತಿ. ಕಲಿಸುವವಳು ನಾನಂತೆ. ಅಂಗಡಿಯವರು ಪೆನ್ನುಗಳ ಕಟ್ಟಿಗೆ ದಾರ ಸುತ್ತುತ್ತಾ, "ಮೇಡಂ, ಇದೊಂದು ಡಬ್ಬಿ ಹಾಗೇ ಉಳ್ಕೊಂಡಿದೆ. ಈಗ ಯಾರೂ ಕೇಳೋದೇ ಇಲ್ಲ ಮಾರಾಯ್ರೇ, ಬೇಕಾದ್ರೆ ತಗೊಂಡು ಹೋಗಿ" ಎಂದು ರಟ್ಟಿನ ಡಬ್ಬಿಯೊಂದನ್ನು ಮುಂದೆ ತಳ್ಳಿದರು. ಒಳಗೆ ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ ಇರುವ ದಪ್ಪ ಪೆನ್ಸಿಲುಗಳು. ನೀವೂ ಹಳೆಯ ಕಚೇರಿಗಳಲ್ಲಿ ಕಂಡಿರುತ್ತೀರಿ. ಮುಚ್ಚಳ ತೆಗೆದ ಕೂಡಲೇ ಮರದ್ದೂ ಮೇಣದ್ದೂ ಸೇರಿದ ಒಂದು ವಾಸನೆ ಬಂತು. ನಾನು ಅಂಗಡಿಯಲ್ಲಿ ನಿಂತಿದ್ದೇನೆ ಎನ್ನುವುದೇ ಮರೆತುಹೋಯಿತು. ಅಂಗಡಿಯವರು ಎರಡು ಸಲ "ಮೇಡಂ" ಅಂದರಂತೆ.

ಅದು ಗಿರಿಜಕ್ಕನ ಪೆನ್ಸಿಲು. ಗಿರಿಜಕ್ಕ ನಮ್ಮ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವರು. ನನಗೆ ಬರೆಯಲು ಕಲಿಸಿದವರು. ಅವರಿಗೆ ನಾನು ಒಂದು ಮಾತು ಹೇಳಬೇಕಿತ್ತು. ಅವರು ಮಾಡಿದ ಒಂದು ಕೆಲಸಕ್ಕೆ ಬಂದ ಹೆಸರನ್ನು ನಾನು ಬಾಯಿ ಮುಚ್ಚಿಕೊಂಡು ಇಸಿದುಕೊಂಡಿದ್ದೆ. "ಅದು ನಿಮ್ಮದು, ನನ್ನಿಂದ ತಪ್ಪಾಯಿತು" ಎಂದರೆ ಮುಗಿಯುವ ಮಾತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಅದನ್ನು ನಾಲಗೆಯ ತುದಿಯಲ್ಲಿ ಇಟ್ಟುಕೊಂಡು ತಿರುಗಿದೆ. ಮುಖ್ಯವಾದದ್ದನ್ನು ಮೊದಲ ಸಾಲಿನಲ್ಲೇ ಹೇಳಬೇಕು ಎಂದು ಗಿರಿಜಕ್ಕ ಕಲಿಸಿದ್ದರು. ನಾನು ಎರಡನೆಯ ಪ್ಯಾರಾದಲ್ಲಿ ಹೇಳುತ್ತಿದ್ದೇನೆ. ಅಷ್ಟರಮಟ್ಟಿಗೆ ಕಲಿತಿದ್ದೇನೆ ಎಂದುಕೊಳ್ಳಿ.

ನಮ್ಮ ಕಡೆಯವರ ಸ್ವಭಾವ ನಿಮಗೆ ಗೊತ್ತಿಲ್ಲದಿದ್ದರೆ ಇದು ಅರ್ಥವಾಗುವುದು ಕಷ್ಟ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಯಾವ ಮನೆಗಾದರೂ ಯಾರಾದರೂ ಬಂದರೆ, ಬಂದ ಕೆಲಸವೇನು ಎಂದು ಮನೆಯವರು ಕೇಳುವುದಿಲ್ಲ, ಬಂದವರು ಹೇಳುವುದೂ ಇಲ್ಲ. ಮೊದಲು ಬೆಲ್ಲ, ನೀರು. ಆಮೇಲೆ ಮಳೆ. ಆಮೇಲೆ ಅಡಿಕೆಗೆ ರೇಟು, ಯಾರ ಮನೆಯ ಮಗಳಿಗೆ ಎಲ್ಲಿಂದ ಸಂಬಂಧ ಬಂದಿದೆ, ಯಾರಿಗೆ ಮಂಡಿನೋವು. ನಡುವೆ ಒಂದು ಕಾಫಿ. ಎಲ್ಲ ಮುಗಿದು, "ಬರ್ತೇನೆ ಹಂಗಾರೆ" ಎಂದು ಎದ್ದು, ಚಪ್ಪಲಿ ಮೆಟ್ಟಿ, ಅಂಗಳ ದಾಟಿ, ಬೇಲಿಯ ದಣಪೆಯ ಗಳ ಸರಿಸುವಾಗ "ಅಂದಹಾಗೆ..." ಎಂದು ಶುರುವಾಗುತ್ತದಲ್ಲ, ಅದು ಬಂದ ಕೆಲಸ. ಕಳಿಸಲು ಬಂದವರಿಗೂ ಇದು ಗೊತ್ತು. ಅದಕ್ಕೇ ಅವರು ದಣಪೆಯವರೆಗೆ ಬರುವುದು, ಬಂದು "ಮತ್ತೆಂತ?" ಎನ್ನುವುದು. ಆ "ಮತ್ತೆಂತ"ಕ್ಕೆ ನಮ್ಮಲ್ಲಿ ದೊಡ್ಡ ಅರ್ಥವಿದೆ. ಈಗ ಹೇಳು, ಕೇಳಲು ನಾನು ಸಿದ್ಧ ಎಂದು.

ನನ್ನ ಚಿಕ್ಕಪ್ಪ ಒಬ್ಬರು ಶೃಂಗೇರಿಯ ಹತ್ತಿರದ ನಮ್ಮೂರಿನಲ್ಲಿ ಹೀಗೇ ಪಕ್ಕದ ಮನೆಗೆ ಹೋಗಿದ್ದರು. ಕುಳಿತರು, ಬೆಲ್ಲ ತಿಂದರು, ಎರಡು ಕಾಫಿ ಕುಡಿದರು, ಒಂದೂವರೆ ಗಂಟೆ ಮಾತಾಡಿದರು. ದಣಪೆ ಹತ್ತಿರ ಬಂದು, "ಅಂದಹಾಗೆ, ನಿಮ್ಮ ದನ ನಮ್ಮ ಸಸಿಮಡಿಗೆ ನುಗ್ಗಿದೆ, ಸ್ವಲ್ಪ ಹೊಡ್ಕೊಂಡು ಬರ್ಲಿಕ್ಕೆ ಯಾರನ್ನಾದ್ರೂ ಕಳ್ಸಿ" ಅಂದರು. ಪಕ್ಕದ ಮನೆಯವರು ಓಡಿ ಹೋಗಿ ನೋಡುವಾಗ ಸಸಿ ಪೂರ್ತಿ ಖಾಲಿ. ದನ ಮಲಗಿ ಮೆಲುಕು ಹಾಕುತ್ತಿತ್ತಂತೆ. ಚಿಕ್ಕಮ್ಮ ಆ ವರ್ಷವಿಡೀ ಬೈದರು. ಚಿಕ್ಕಪ್ಪನದ್ದು ಒಂದೇ ಉತ್ತರ: "ಹೋದ ಕೂಡ್ಲೇ ದೂರು ಹೇಳ್ಲಿಕ್ಕೆ ಆಗ್ತದನೇ? ಅವ್ರು ಎಂತ ತಿಳ್ಕೊಳ್ತಾರೆ?"

ಇಂಥವರ ಮಕ್ಕಳು ನಾವು ಓದಿ ಇಂಜಿನಿಯರುಗಳೂ ವಿಜ್ಞಾನಿಗಳೂ ಆದೆವು. ವರದಿಯನ್ನೂ ಹಾಗೆಯೇ ಬರೆದೆವು.

ಕೊಪ್ಪದಲ್ಲಿ ನಮ್ಮದೊಂದು ಸಣ್ಣ ಕಚೇರಿ. ಮೂರು ತಾಲೂಕಿನ ಬಾವಿ, ಕೆರೆ, ರಸ್ತೆಯಡಿಯ ಮೋರಿ, ಹಳ್ಳ ದಾಟುವ ಕಾಲುಸಂಕ ಎಲ್ಲವನ್ನೂ ನೋಡಿ ವರದಿ ಕೊಡುವ ಕೆಲಸ. ಕುಡಿಯುವ ನೀರು ಪರೀಕ್ಷೆ ಮಾಡುವ ಲ್ಯಾಬು ನನ್ನದು. ಮೋರಿ, ಸಂಕ ಪ್ರಭಾಕರ ಎಂಬ ಇಂಜಿನಿಯರನದು. ಪ್ರಭಾಕರನ ವರದಿ ಯಾವುದೇ ಮೋರಿಯದ್ದಾಗಲಿ, ನರಸಿಂಹರಾಜಪುರ ತಾಲೂಕು ಯಾವ ದಿಕ್ಕಿಗಿದೆ, ಅಲ್ಲಿ ಹರಿಯುವ ನದಿ ಯಾವುದು, ಮಳೆ ಎಷ್ಟು ಎಂಬಲ್ಲಿಂದ ಶುರುವಾಗುತ್ತಿತ್ತು. ನಾನು ಅವನಿಗಿಂತ ಒಂದು ಕೈ ಮೇಲು. ನೀರು ತೆಗೆದ ದಿನದ ಹವಾಮಾನ, ಬಾವಿಯ ಸುತ್ತಳತೆ, ಕಟ್ಟೆಯ ಕಲ್ಲು, ಹಗ್ಗದ ಉದ್ದ ಎಲ್ಲ ಬರೆಯುತ್ತಿದ್ದೆ. ಓದಿದವರಿಗೆ ನಾನು ಎಷ್ಟು ಕಷ್ಟಪಟ್ಟಿದ್ದೇನೆ ಎಂದು ಗೊತ್ತಾಗಬೇಡವೇ! ನೀರು ಕುಡಿಯಬಹುದೋ ಬಾರದೋ ಎನ್ನುವುದು ಕೊನೆಯ ಪುಟದಲ್ಲಿ, ಸಹಿಗಿಂತ ಸ್ವಲ್ಪ ಮೇಲೆ ಇರುತ್ತಿತ್ತು.

ಇವನ್ನೆಲ್ಲ ಪೂರ್ತಿ ಓದುತ್ತಿದ್ದ ಒಂದೇ ಜೀವ ಗಿರಿಜಕ್ಕ. ಓದದೆ ಟೈಪ್ ಮಾಡಲು ಸಾಧ್ಯವಿಲ್ಲವಲ್ಲ. ಆಗ ಅವರಿಗೆ ಐವತ್ತರ ಹತ್ತಿರ. ಬಾಳಗಡಿಯ ಸ್ವಂತ ಮನೆಯಿಂದ ನಡೆದೇ ಬರುತ್ತಿದ್ದರು. ಗಂಡ ತೀರಿಕೊಂಡು ವರ್ಷಗಳಾಗಿದ್ದವು, ಒಬ್ಬಳೇ ಮಗಳು ಮದುವೆಯಾಗಿ ತೀರ್ಥಹಳ್ಳಿಯಲ್ಲಿದ್ದಳು. ಬಂದವರೇ ಕನ್ನಡ ಟೈಪ್‌ರೈಟರಿನ ಹೊದಿಕೆ ತೆಗೆದು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟು, ಕನ್ನಡಕ ಒರೆಸಿ, ನಮ್ಮ ಕೋಳಿಕಾಲು ಅಕ್ಷರಗಳನ್ನು ಎದುರಿಗಿಟ್ಟುಕೊಳ್ಳುತ್ತಿದ್ದರು. ಹತ್ತು ಗಂಟೆಯಿಂದ ಐದರವರೆಗೆ ಟಕಟಕ. ಯಾರ ಬರವಣಿಗೆಯ ದೋಷ ಯಾವುದು ಎಂದು ಅವರ ಬೆರಳಿಗೆ ಗೊತ್ತಿತ್ತು. ಒಮ್ಮೆ ನನ್ನನ್ನು ಕರೆದು, "ಇಲ್ನೋಡೇ, ‘ಅಭಿಪ್ರಾಯಪಡಲಾಗಿದೆ’ ಅಂತ ಒಂದೇ ಪುಟದಲ್ಲಿ ಐದು ಸಲ ಬರ್ದೀಯ. ನೀನು ಒಂದ್ಸಲ ಬರಿಯೋದು, ನಾನು ಕಾರ್ಬನ್ ಇಟ್ಟು ಕುಟ್ಟೋದು. ನನ್ನ ಬೆರಳಿಗಾದ್ರೂ ಕರುಣೆ ತೋರ್ಸು" ಅಂದಿದ್ದರು. ನಾನು ನಕ್ಕಿದ್ದೆ. ಟೈಪಿಸ್ಟ್ ಹೇಳಿದ ಮಾತು, ಅದಕ್ಕೆ ಎಷ್ಟು ಬೆಲೆ ಕೊಡಬೇಕೋ ಅಷ್ಟೇ ಕೊಟ್ಟೆ.

ಹೀಗಿರುವಾಗ ಸೀತೂರಿನ ಆಚೆ ಒಂಟಿ ಮನೆಯ ತಿಮ್ಮಪ್ಪಗೌಡರು ತಮ್ಮ ಬಾವಿಯ ನೀರು ಪರೀಕ್ಷೆ ಮಾಡಿಕೊಡಿ ಎಂದು ಅರ್ಜಿ ಕೊಟ್ಟರು. ಹೊಸದಾಗಿ ಪಾಯಿಖಾನೆ ಗುಂಡಿ ತೆಗೆಸಿದ್ದರು. ಅದು ಬಾವಿಗೆ ಹತ್ತಿರವಾಯಿತೇನೋ ಎಂದು ಅನುಮಾನ. ನಾನು ಹೋಗಿ ನೀರು ತಂದೆ. ಗೌಡರ ಮಗಳು ಸವಿತಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು, ದಿನ ತುಂಬುತ್ತಿತ್ತು. ಸೀಸೆಗಳನ್ನು ಎರಡು ದಿನ ಬೆಚ್ಚಗಿಟ್ಟು ನೋಡಿದಾಗ ಗೌಡರ ಅನುಮಾನ ನಿಜವಾಗಿತ್ತು. ಗುಂಡಿಯ ಹೊಲಸು ಬಾವಿಗೆ ಇಳಿದಿತ್ತು. ಶುಕ್ರವಾರ ಕುಳಿತು ನಾಲ್ಕು ಪುಟದ ವರದಿ ಬರೆದೆ. ಮೊದಲ ಪುಟದಲ್ಲಿ, "ಬಾವಿಯ ಕಟ್ಟೆಯು ಸುಭದ್ರವಾಗಿದ್ದು, ನೀರು ನೋಡಲು ತಿಳಿಯಾಗಿದೆ." ಎರಡನೆಯ ಪುಟದಲ್ಲಿ, "ಮನೆಯಲ್ಲಿ ಓರ್ವ ಗರ್ಭಿಣಿ ಸೇರಿದಂತೆ ಏಳು ಮಂದಿ ವಾಸವಿರುತ್ತಾರೆ." ನಾಲ್ಕನೆಯ ಪುಟದ ಕೊನೆಯಲ್ಲಿ, "ಸದರಿ ನೀರನ್ನು ಕುದಿಸದೆ ಬಳಸುವುದು ಸೂಕ್ತವಲ್ಲವೆಂದು ಅಭಿಪ್ರಾಯಪಡಲಾಗಿದೆ." ಶನಿವಾರ ಅರ್ಧ ದಿನದ ಕಚೇರಿ. ಬೆಳಿಗ್ಗೆ ಅದನ್ನು ಗಿರಿಜಕ್ಕನ ಮೇಜಿನ ಮೇಲಿಟ್ಟು, ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋದೆ. ಸೋಮವಾರ ಸಾಹೇಬರ ಸಹಿ, ಮಂಗಳವಾರ ಅಂಚೆ, ಬುಧವಾರವೋ ಗುರುವಾರವೋ ಗೌಡರ ಕೈಗೆ. ಇದರಲ್ಲಿ ತಪ್ಪಿದೆ ಎಂದು ನನಗೆ ಅನ್ನಿಸಲೇ ಇಲ್ಲ. ಅದೇ ಕ್ರಮ. ಎಲ್ಲ ವರದಿಯೂ ಹಾಗೇ ಹೋಗುತ್ತಿತ್ತು.

ಸೋಮವಾರ ಬಂದಾಗ ಗಿರಿಜಕ್ಕ ಹೊದಿಕೆ ಮಡಿಚುತ್ತಿದ್ದರು. ತಲೆ ಎತ್ತದೆಯೇ ಹೇಳಿದರು.

"ಶನಿವಾರ ಸೀತೂರಿಗೆ ಹೋಗಿ ಹೇಳಿ ಬಂದೆ ಕಣೇ."

"ಎಂತ ಹೇಳಿದ್ರಿ? ಯಾರಿಗೆ?"

"ಗೌಡ್ರಿಗೆ. ನೀರು ಕುಡೀಬೇಡಿ ಅಂತ. ನಿನ್ನ ನಾಲ್ಕನೇ ಪುಟ ಟೈಪ್ ಮಾಡಿ ಮುಗಿಸಿದಾಗ ಎರಡು ಗಂಟೆ. ಆ ಹುಡುಗಿ ಇನ್ನೂ ಐದು ದಿನ ಅದೇ ನೀರು ಕುಡೀತದೆ ಅನ್ನಿಸ್ತು. ಅದೂ ಗೌಡ್ರು ನಾಲ್ಕನೇ ಪುಟದವರೆಗೆ ಓದಿದ್ರೆ. ಮೊದಲ ಪುಟದಲ್ಲಿ ತಿಳಿಯಾಗಿದೆ ಅಂತ ಬೇರೆ ಬರ್ದೀಯಲ್ಲ ಮಾರಾಯ್ತಿ!"

ಅವರು ಬಸ್ಸಿಳಿದು, ದಾರಿ ಕೇಳಿಕೊಂಡು ಒಂದು ಮೈಲಿ ನಡೆದು ಹೋಗಿದ್ದರು. ಗೌಡರ ಹೆಂಡತಿ ಪದ್ಧತಿಯಂತೆ ತಟ್ಟೆಯಲ್ಲಿ ಬೆಲ್ಲ, ತಂಬಿಗೆಯಲ್ಲಿ ನೀರು ತಂದಿಟ್ಟರಂತೆ. ಬಿಸಿಲಿನಲ್ಲಿ ನಡೆದು ಗಂಟಲು ಒಣಗಿತ್ತು. ನಮ್ಮ ಕಡೆ ಮನೆಯವರು ಕೊಟ್ಟ ನೀರನ್ನು ಬೇಡ ಎನ್ನುವುದು ಎಂದರೆ ಜಗಳಕ್ಕೆ ಬಂದಿದ್ದೇನೆ ಎಂದು ಸಾರಿದ ಹಾಗೆ. ಗಿರಿಜಕ್ಕ ತಂಬಿಗೆಯನ್ನು ಹಿಂದಕ್ಕೆ ಸರಿಸಿ, ಕುಳಿತುಕೊಳ್ಳುವ ಮೊದಲೇ, "ಬೆಲ್ಲ ಕೊಡಿ ಅಮ್ಮ, ನೀರು ಬೇಡ. ನೀವೂ ಕುಡೀಬೇಡಿ. ಬಾವಿ ಕೆಟ್ಟಿದೆ. ಹುಡುಗಿಗೆ ಕುದಿಸದೆ ಒಂದು ಹನಿ ಕೊಡ್ಬೇಡಿ" ಎಂದು ಹೇಳಿದರಂತೆ. "ಆಯಮ್ಮನ ಮುಖ ಬಿಳಚಿಕೊಂಡಿತು ಕಣೇ, ಪಾಪ. ಆದ್ರೆ ಎಂತ ಮಾಡೋದು? ಮಳೆ, ಬೆಳೆ ಮಾತಾಡ್ತಾ ಕೂತ್ರೆ ಅಷ್ಟರಲ್ಲಿ ಇನ್ನೊಂದು ಲೋಟ ಕುಡೀತಿದ್ರು." ಆಮೇಲೆ ನನ್ನ ಕಡೆ ನೋಡಿ, "ಇನ್ಮೇಲೆ ಮೊದಲೇ ಹೇಳು" ಅಂದರು. ಇಷ್ಟೇ. ಬೈಯಲಿಲ್ಲ. ಟೈಪ್‌ರೈಟರಿಗೆ ಹಾಳೆ ಸುತ್ತಿದರು.

ತಾಯಿ, ಮಗು ಚೆನ್ನಾಗಿದ್ದರು. ಮೂರು ವಾರದ ಮೇಲೆ ಹೆಣ್ಣು ಮಗು ಹುಟ್ಟಿತು.

ನನ್ನ ತಪ್ಪಿನ ಕಥೆ ಶುರುವಾಗುವುದು ಆ ಬುಧವಾರ. ಗೌಡರು ಸಾಹೇಬರಿಗೆ ಫೋನು ಮಾಡಿ, ಕಚೇರಿಯವರು ಮನೆಗೇ ಬಂದು ಹೇಳಿದ್ದಕ್ಕೆ ಉಳಿದುಕೊಂಡೆವು ಎಂದು ಕೃತಜ್ಞತೆ ಹೇಳಿದ್ದರು. ಸಾಹೇಬರು ನನ್ನನ್ನು ಒಳಗೆ ಕರೆದರು. ಅವರು ಒಳ್ಳೆಯವರು, ಆದರೆ ಬೇರೆಯವರ ಮಾತು ಮುಗಿಯುವವರೆಗೆ ಕಾಯುವ ಅಭ್ಯಾಸ ಇರಲಿಲ್ಲ. "ಶನಿವಾರ ನೀವೇ ಹೋಗಿ ಬಂದ್ರಲ್ಲ! ಒಂದು ಮಾತೂ ಹೇಳ್ಲಿಲ್ಲ ನೀವು. ವಿಜ್ಞಾನಿ ಅಂದ್ರೆ ಹೀಗಿರ್ಬೇಕು" ಎಂದರು. ನಾನು "ಅದು ಸರ್..." ಅಂದೆ. ಅವರು ಮುಂದುವರಿಸಿದರು. ಇನ್ನೊಂದು ಸಲ "ಸರ್" ಅಂದೆ. ಆಮೇಲೆ ಅನ್ನಲಿಲ್ಲ. ಬಾಗಿಲ ಹೊರಗೆ ಟೈಪ್‌ರೈಟರಿನ ಸದ್ದು ಕೇಳುತ್ತಿತ್ತು.

ಯಾಕೆ ಹೇಳಲಿಲ್ಲ ಎಂದು ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಸಹಿಯಾಗದ ವರದಿಯ ವಿಷಯವನ್ನು ಟೈಪಿಸ್ಟ್ ಹೊರಗೆ ಹೇಳುವುದು ನಿಯಮಕ್ಕೆ ವಿರುದ್ಧ, ಹೇಳಿದರೆ ಗಿರಿಜಕ್ಕನಿಗೆ ತೊಂದರೆಯಾದೀತು ಎಂದು ಆಗ ಸಮಾಧಾನ ಮಾಡಿಕೊಂಡೆ. ಅದು ಸುಳ್ಳಲ್ಲ. ಆದರೆ ನಿಜವಾದ ಕಾರಣ ಅದಾಗಿರಲಿಲ್ಲ. ಹೊಗಳಿಕೆ ಸಿಹಿಯಾಗಿತ್ತು. ಇಪ್ಪತ್ತೇಳು ವರ್ಷ ನನಗೆ, ಸೇರಿ ಒಂದು ವರ್ಷವೂ ತುಂಬಿರಲಿಲ್ಲ. ಕೆಲವು ದಿನಗಳ ಮೇಲೆ ಸಾಹೇಬರು ಮುಚ್ಚಿದ ಲಕೋಟೆಯಲ್ಲಿ ಒಂದು ಪ್ರಶಂಸಾ ಪತ್ರ ಕೊಟ್ಟರು. ಮನೆಗೆ ಹೋಗಿ ಬಿಚ್ಚಿದೆ. "ತಾವು ಕಚೇರಿ ವೇಳೆಯನ್ನೂ ಲೆಕ್ಕಿಸದೆ ಖುದ್ದಾಗಿ ತೆರಳಿ" ಎನ್ನುವ ಮೊದಲ ಸಾಲು ಓದುವಾಗಲೇ ಮುಖ ಬಿಸಿಯಾಯಿತು. ಮಡಿಚಿ ಸರ್ಟಿಫಿಕೇಟುಗಳ ಫೈಲಿನ ತಳಕ್ಕೆ ತಳ್ಳಿದೆ. ಮತ್ತೆ ತೆಗೆಯಲಿಲ್ಲ.

ಪ್ರಾಯಶ್ಚಿತ್ತ ಎನ್ನುವುದನ್ನು ಮನುಷ್ಯ ತನಗೆ ಅನುಕೂಲವಾದ ರೀತಿಯಲ್ಲಿ ಮಾಡಿಕೊಳ್ಳುತ್ತಾನೆ. ಎಲ್ಲರಿಗೂ ಹೀಗೆ ಸ್ಪಷ್ಟವಾಗಿ ಹೇಳುವುದನ್ನು ಕಲಿಸಬೇಕಲ್ಲ ಎಂದು ಸಾಹೇಬರು ಅಂದಾಗ, "ಗಿರಿಜಕ್ಕ ಕಲಿಸ್ಲಿ ಸರ್" ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಆದರೆ ಆಗ ನನ್ನ ಮಾತಿಗೆ ತೂಕ ಬಂದಿತ್ತಲ್ಲ, ಒಪ್ಪಿದರು. ಹಾಗೆ ಗುರುವಾರ ಮಧ್ಯಾಹ್ನ ಮೂರರಿಂದ ನಾಲ್ಕು, ಲ್ಯಾಬಿನ ಉದ್ದ ಮೇಜಿನಲ್ಲಿ ನಮಗೆ ಪಾಠ ಶುರುವಾಯಿತು.

ಮೊದಲ ಗುರುವಾರ ಪ್ರಭಾಕರ ನನ್ನ ಕಿವಿಯಲ್ಲಿ, "ಟೈಪ್ ಮಾಡೋರು ನಮಗೆ ಕಲಿಸೋದಾ ಮಾರಾಯ್ತಿ? ನಾಳೆ ಜೀಪ್ ಡ್ರೈವರ್ ಬಂದು ಸಂಕ ಡಿಸೈನ್ ಮಾಡ್ತೇನೆ ಅಂತಾನೆ" ಅಂದ. ಗಿರಿಜಕ್ಕನಿಗೆ ಕೇಳಿಸಿತು. ಕೇಳಿಸದವರ ಹಾಗೆ ಅವನ ಹೊಸ ವರದಿಯನ್ನು ಕೈಗೆತ್ತಿಕೊಂಡು, "ಪ್ರಭಾಕರ, ನಿನ್ನ ಮೋರಿ ಎಷ್ಟನೇ ಪುಟಕ್ಕೆ ಬರ್ತದೆ?" ಎಂದು ಕೇಳಿದರು. ಅವನು ಪುಟ ತಿರುವಿದ, ತಿರುವಿದ. ಏಳನೆಯ ಪುಟದಲ್ಲಿ ಸಿಕ್ಕಿತು.

"ಆಯ್ತು, ಅದು ಬಿಡು. ಬಾಗಿಲ ಹತ್ರ ಹೋಗಿ ನಿಲ್ಲು. ನೀನು ಬಸ್‌ಸ್ಟ್ಯಾಂಡಲ್ಲಿ ಇದ್ದೀಯ. ನಾನು ಶಿವಮೊಗ್ಗದ ಬಸ್ಸಲ್ಲಿ ಕಿಟಕಿ ಹತ್ರ ಕೂತಿದ್ದೇನೆ. ಬಸ್ಸು ಹೊರಟಿತು. ಮೋರಿ ವಿಷಯ ನನಗೆ ಹೇಳ್ಬೇಕು. ಎಂತ ಹೇಳ್ತೀಯ?"

"ಗಿರಿಜಕ್ಕ, ಅದು ಹೇಗೆ ಅಂದ್ರೆ, ಆ ಮೋರಿ ಕಟ್ಟಿದ ಕಾಲದಲ್ಲಿ..."

"ಬಸ್ಸು ಹೋಯ್ತು."

ಎಲ್ಲರೂ ನಕ್ಕರು. ಮತ್ತೆ ನಿಲ್ಲಿಸಿದರು. ಎರಡನೆಯ ಬಸ್ಸೂ ಹೋಯಿತು. ಮೂರನೆಯ ಸಲ ಪ್ರಭಾಕರ ಕೈ ಬೀಸಿ ಕೂಗಿದ: "ಗಿರಿಜಕ್ಕಾ, ಮೋರಿ ಕುಸೀತದೆ, ಲಾರಿ ಬಿಡ್ಬೇಡಿ!"

"ಹಾಂ. ಅದನ್ನೇ ಬರಿ. ಮೊದಲ ಸಾಲು ಅದು. ನರಸಿಂಹರಾಜಪುರ ಯಾವ ದಿಕ್ಕಿಗಿದೆ ಅಂತ ಆಮೇಲೆ ಬೇಕಾದವ್ರು ಓದ್ಕೊಳ್ತಾರೆ."

ಆಮೇಲೆ ಪ್ರಭಾಕರ ಯಾವ ಗುರುವಾರವನ್ನೂ ತಪ್ಪಿಸಲಿಲ್ಲ.

ಅವರ ತಿದ್ದುವಿಕೆಗೆ ಎರಡೇ ಬಣ್ಣ. ವರದಿಯಲ್ಲಿ ವಿಷಯ ಎಲ್ಲಿದೆಯೋ ಅದರ ಕೆಳಗೆ ಕೆಂಪು ಗೆರೆ. ಎಲ್ಲಿ ಬೆರಳು ಸುಮ್ಮನೆ ನೋಯಿತೋ ಅಲ್ಲಿ ನೀಲಿ. ಮೊದಮೊದಲು ನನ್ನ ಪುಟಗಳು ಪೂರ್ತಿ ನೀಲಿಯಾಗಿ ಬರುತ್ತಿದ್ದವು, ಎಲ್ಲೋ ಒಂದು ಮೂಲೆಯಲ್ಲಿ ಕೆಂಪು. ಅವರು ಎದುರಿಗೆ ಕೂರುತ್ತಿರಲಿಲ್ಲ. ನಮ್ಮ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು, ಇಬ್ಬರ ಕಣ್ಣೂ ಒಂದೇ ಹಾಳೆಯ ಮೇಲೆ ಬೀಳುವ ಹಾಗೆ ಕೂರುತ್ತಿದ್ದರು. ಗೆರೆ ಎಳೆಯುವ ಮೊದಲು ಒಂದು ಸಲ ನನ್ನ ಮುಖ ನೋಡುತ್ತಿದ್ದರು, ಎಳೆಯಲಾ ಎಂದು ಕೇಳುವಂತೆ. "ಇದನ್ನ ಯಾರಿಗೆ ಬರ್ದಿದ್ದು?" ಎಂದು ಕೇಳುತ್ತಿದ್ದರು. ಇಲಾಖೆಗೆ ಎಂದರೆ ಒಪ್ಪುತ್ತಿರಲಿಲ್ಲ. "ಇಲಾಖೆಗೆ ಕಣ್ಣಿದ್ಯಾ? ಓದೋರ ಹೆಸರು ಹೇಳು." ಹೆಸರು ಹೇಳಿದರೆ, ಅವರ ಮನೆಯಲ್ಲಿ ಯಾರ್‍ಯಾರಿದ್ದಾರೆ, ಯಾವ ಹೊತ್ತಿನಲ್ಲಿ ಓದುತ್ತಾರೆ, ಕನ್ನಡಕ ಇದೆಯೋ ಇಲ್ಲವೋ ಎಂದು ಕೇಳುತ್ತಿದ್ದರು. ಬರೆಯುವುದೆಂದರೆ ಒಬ್ಬರ ಮನೆಗೆ ಹೋಗುವುದು ಎಂದು ನನಗೆ ತಿಳಿದದ್ದು ಆ ಸ್ಟೂಲಿನ ಪಕ್ಕದಲ್ಲಿ.

ಆ ಒಂದು ಗಂಟೆಯನ್ನು ನಾನು ಈಗ ಎಷ್ಟು ಬಯಸುತ್ತೇನೆ ಎಂದು ಹೇಳಿದರೆ ನೀವು ನಗಬಹುದು. ಈಗ ನಾನೇ ಸಹಿ ಹಾಕುವವಳು. ನನ್ನ ವರದಿಯನ್ನು ಯಾರೂ ತಿದ್ದುವುದಿಲ್ಲ. ಚೆನ್ನಾಗಿದೆ ಮೇಡಂ ಎನ್ನುತ್ತಾರೆ, ಓದಿದರೋ ಇಲ್ಲವೋ ದೇವರಿಗೇ ಗೊತ್ತು. ಈಗಿನ ಹುಡುಗರು ಫೋನಿಗೆ ನಾಲ್ಕು ಮಾತು ಹೇಳಿದರೆ ಅದೇ ವರದಿ ಬರೆದು ಕೊಡುತ್ತದೆ. ತಪ್ಪೇನೂ ಇರುವುದಿಲ್ಲ. ಆದರೆ ಯಾರ ಬೆರಳೂ ನೋಯುವುದಿಲ್ಲ, ಯಾರೂ ಪಕ್ಕದಲ್ಲಿ ಕುಳಿತು ಉಸಿರು ಬಿಡುವುದಿಲ್ಲ. ಕೆಲವೊಮ್ಮೆ ಏನಾದರೂ ಬರೆದು ಮುಗಿಸಿದಾಗ ನನಗೆ ಗೊತ್ತಿಲ್ಲದೆ ಎಡಗಡೆಗೆ ತಿರುಗುತ್ತೇನೆ. ಅಲ್ಲಿ ಪ್ರಿಂಟರ್ ಇದೆ.

ಎರಡು ವರ್ಷ ನಡೆದ ಗುರುವಾರಗಳು ಸಾಹೇಬರಿಗೆ ವರ್ಗವಾದೊಡನೆ ನಿಂತವು. ಹೊಸ ಸಾಹೇಬರಿಗೆ ಟೈಪಿಸ್ಟ್ ಪಾಠ ಮಾಡುವುದು ಸರಿ ಕಾಣಲಿಲ್ಲ. ಆಮೇಲೆ ಕಂಪ್ಯೂಟರ್ ಬಂತು, ನನಗೂ ವರ್ಗವಾಯಿತು, ಗಿರಿಜಕ್ಕ ನಿವೃತ್ತರಾದರು. ಬೀಳ್ಕೊಡುಗೆಯ ದಿನ ನಾನೂ ಬಂದು ಭಾಷಣ ಮಾಡಿದೆ. ಅವರ ಸೇವೆ, ಸಮಯಪಾಲನೆ, ಸರಳತೆ ಎಲ್ಲ ಹೇಳಿದೆ. ಸೀತೂರು ಎಂಬ ಹೆಸರು ಬಾಯಿಯವರೆಗೆ ಬಂತು. ಸಭೆಯಲ್ಲಿ ಅಷ್ಟು ಜನರೆದುರು ಬೇಡ, ಒಬ್ಬರೇ ಇದ್ದಾಗ ಹೇಳೋಣ ಎಂದುಕೊಂಡು ಕುಳಿತೆ. ಒಬ್ಬರೇ ಇದ್ದಾಗ, ಇಷ್ಟು ಹಳೆಯದನ್ನು ಈಗ ಯಾಕೆ ಎತ್ತುವುದು ಎಂದು ಅನ್ನಿಸುತ್ತಿತ್ತು. ನೆಪಗಳಿಗೆ ಬರವೇ?

ಎರಡು ವರ್ಷದ ಹಿಂದೆ ಮತ್ತೆ ಕೊಪ್ಪಕ್ಕೇ ವರ್ಗವಾಗಿ ಬಂದೆ. ಗಿರಿಜಕ್ಕನಿಗೆ ಹುಷಾರಿಲ್ಲ ಎಂದು ಪ್ರಭಾಕರ ಫೋನಿನಲ್ಲಿ ಹೇಳಿದ. ಈ ಸಲ ಹೇಳಿಯೇ ಬಿಡುವುದು ಎಂದು ನಿರ್ಧರಿಸಿ ಬಾಳಗಡಿಗೆ ಹೋದೆ. ದಾರಿಯಲ್ಲಿ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡೆ. ತುಂಬ ಸಣ್ಣಗಾಗಿದ್ದರು. ನೋಡಿಕೊಳ್ಳಲು ಮಗಳು ಬಂದಿದ್ದಳು. ನನ್ನನ್ನು ಕಂಡವರೇ, "ಬಂದ್ಯನೇ? ಬಾ, ಕೂತ್ಕೋ" ಎಂದು ಮಗಳ ಕೈಯಲ್ಲಿ ಬೆಲ್ಲ, ನೀರು ತರಿಸಿದರು. ನಾನು ಬೆಲ್ಲ ತಿಂದೆ. ನೀರು ಕುಡಿದೆ. ಮಳೆಯ ಮಾತಾಡಿದೆ.

ಒಂದು ಗಂಟೆ ಕುಳಿತೆ. ಅವರ ಸಕ್ಕರೆ ಕಾಯಿಲೆ, ಕಾಲಿನ ಬಾವು, ಪ್ರಭಾಕರನ ಮೊಮ್ಮಗು, ಕೊಪ್ಪದಲ್ಲಿ ಎದ್ದ ಹೊಸ ಕಟ್ಟಡ. ನಡುವೆ ಮಾತು ನಿಂತಾಗ ಅವರು "ಮತ್ತೆಂತ?" ಅಂದರು. "ಎಂತಿಲ್ಲ ಗಿರಿಜಕ್ಕ" ಅಂದೆ. ಕಾಫಿ ಆಯಿತು. ಇನ್ನೊಂದು ಸಲ "ಮತ್ತೆಂತನೇ?" ಅಂದರು. ವರ್ಗಾವಣೆಯ ಕಷ್ಟ ಹೇಳಿದೆ. ನಾನು ಎದ್ದಾಗ ಅವರೂ ಎದ್ದರು. ಮಗಳು ಬೇಡವೆಂದರೂ ಕೇಳದೆ, ಗೋಡೆ ಹಿಡಿದುಕೊಂಡು ಗೇಟಿನವರೆಗೆ ಬಂದರು. ಗೇಟಿನ ಕಬ್ಬಿಣದ ಸರಳಿನ ಮೇಲೆ ಕೈ ಇಟ್ಟು ನಿಂತು, ವರದಿಯ ಮೇಲೆ ಗೆರೆ ಎಳೆಯುವ ಮೊದಲು ನೋಡುತ್ತಿದ್ದರಲ್ಲ, ಹಾಗೇ ನನ್ನ ಮುಖ ನೋಡಿ, ಮೂರನೆಯ ಸಲ ಕೇಳಿದರು.

"ಮತ್ತೆಂತ?"

ನಮ್ಮ ಚಿಕ್ಕಪ್ಪನಾದರೂ ದಣಪೆಯ ಹತ್ತಿರ ಹೇಳುತ್ತಿದ್ದರು. ನಾನು ಅಲ್ಲಿಯೂ ಹೇಳಲಿಲ್ಲ. "ಮತ್ತೆಂತಿಲ್ಲ ಗಿರಿಜಕ್ಕ, ಆರೋಗ್ಯ ನೋಡ್ಕೊಳ್ಳಿ. ಇನ್ನೊಂದ್ಸಲ ಬರ್ತೇನೆ" ಅಂದೆ. "ಬಾ" ಅಂದರು. ನಾಲ್ಕು ತಿಂಗಳಿಗೆ ತೀರಿಕೊಂಡರು.

ಹೋದ ವಾರ ತರಬೇತಿ ನಡೆಸುವವರು ನನ್ನ ಪರಿಚಯ ಪತ್ರ ಕೇಳಿದರು. ಬರವಣಿಗೆಗೆ ಸಂಬಂಧಿಸಿದ ಮನ್ನಣೆ ಏನಾದರೂ ಇದ್ದರೆ ಅದರ ಪ್ರತಿಯನ್ನೂ ಕಳಿಸಬೇಕಂತೆ. ಬೇಡಬೇಡವೆಂದುಕೊಳ್ಳುತ್ತಲೇ ಫೈಲಿನ ತಳದಿಂದ ಆ ಪ್ರಶಂಸಾ ಪತ್ರವನ್ನು ಎಳೆದೆ. ಇಷ್ಟು ವರ್ಷಗಳಲ್ಲಿ ಅದನ್ನು ಮೊದಲ ಸಾಲಿನಿಂದ ಮುಂದೆ ಓದಿದ್ದು ಅವತ್ತೇ. ಸಾಹೇಬರ ಸಹಿ ದಾಟಿ ಕಣ್ಣು ಕೆಳಗಿಳಿಯಿತು. ಪುಟದ ಎಡಗಡೆಯ ಮೂಲೆಯಲ್ಲಿ ಒಂದೇ ಒಂದು ಸಣ್ಣ ಅಕ್ಷರ: ಗಿ.

ಪತ್ರ ಟೈಪ್ ಮಾಡಿದವರು ತಮ್ಮ ಹೆಸರಿನ ಮೊದಲ ಅಕ್ಷರವನ್ನು ಕೆಳಗೆ ಹೊಡೆಯುವುದು ಆಗಿನ ಕಚೇರಿಗಳ ಪದ್ಧತಿ. ನಮ್ಮ ಕಚೇರಿಯಲ್ಲಿ ಟೈಪಿಸ್ಟ್ ಇದ್ದದ್ದು ಒಬ್ಬರೇ. ಇಷ್ಟು ಸರಳವಾದದ್ದು ನನಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೊಳೆಯಲಿಲ್ಲ. ನಾನು ಖುದ್ದಾಗಿ ತೆರಳಿದೆ ಎನ್ನುವುದನ್ನು ಗಿರಿಜಕ್ಕ ತಮ್ಮದೇ ಬೆರಳಿನಿಂದ, ಕಾರ್ಬನ್ ಇಟ್ಟು ಮೂರು ಪ್ರತಿ ಹೊಡೆದಿದ್ದರು. ಒಂದಕ್ಷರ ತಪ್ಪಿರಲಿಲ್ಲ. ಅದಾದ ಮೇಲೆ ಎರಡು ವರ್ಷ, ಪ್ರತಿ ಗುರುವಾರ, ನನ್ನ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕುಳಿತಿದ್ದರು.

ನೆಲದ ಮೇಲೆ ಕುಳಿತು ಅತ್ತೆ. ಐವತ್ತು ದಾಟಿದ ಹೆಂಗಸು ಒಂದು ಅಕ್ಷರ ನೋಡಿ ಅಳುವುದು ನೋಡಲು ಚೆನ್ನಾಗಿರಲಾರದು, ಸದ್ಯ ಮನೆಯಲ್ಲಿ ಯಾರೂ ಇರಲಿಲ್ಲ. ಅವರು ಮೂರು ಸಲ ಕೇಳಿದ್ದು ಸುಮ್ಮನೆ ಕೇಳಿದ್ದಲ್ಲ. ಅವರಿಗೆ ಆ ಹೆಸರು ಬೇಕಿರಲಿಲ್ಲ. ಬೇಕಿದ್ದರೆ ಯಾವತ್ತೋ ತೆಗೆದುಕೊಳ್ಳಬಹುದಿತ್ತು. ನಾನು ಹೇಳುವುದನ್ನು ಕೇಳಬೇಕಿತ್ತು, ಅಷ್ಟೇ. ತಾವು ಕಲಿಸಿದ ಹುಡುಗಿ ಕಲಿತಳೋ ಇಲ್ಲವೋ ಎಂದು ನೋಡಬೇಕಿತ್ತು.

ಆ ಪತ್ರದ ಪ್ರತಿಯನ್ನು ನಾನು ಕಳಿಸಲಿಲ್ಲ. ನಿನ್ನೆ ತರಬೇತಿ ಶುರುವಾಯಿತು. ಇಪ್ಪತ್ತೈದು ಹೊಸ ಮುಖಗಳು, ಅರ್ಧ ಜನರ ಕೈಯಲ್ಲಿ ಫೋನು. ಸ್ವಾಗತ, ಪರಿಚಯ ಎಲ್ಲ ಆಮೇಲೆ ಎಂದು ಹೇಳಿ ಎದ್ದು ನಿಂತೆ.

"ಸೀತೂರಿನ ಬಾವಿಯ ನೀರು ಕುಡಿಯಬೇಡಿ ಎಂದು ಹೋಗಿ ಹೇಳಿ ಒಬ್ಬ ಬಸುರಿಯನ್ನು ಕಾಪಾಡಿದ್ದು ನಮ್ಮ ಟೈಪಿಸ್ಟ್ ಗಿರಿಜಕ್ಕ, ನಾನಲ್ಲ. ಹೆಸರು ತೆಗೆದುಕೊಂಡದ್ದು ನಾನು."

ಫೋನುಗಳು ಕೆಳಗಿಳಿದವು. ಆಮೇಲೆ ಉಳಿದದ್ದನ್ನೆಲ್ಲ ಹೇಳಿದೆ, ನಿಮಗೆ ಹೇಳಿದಷ್ಟೇ. ಮುಗಿದಾಗ ಎರಡನೆಯ ಸಾಲಿನಲ್ಲಿದ್ದ ಹುಡುಗಿ, ನರಸಿಂಹರಾಜಪುರದವಳಂತೆ, ಕೈ ಎತ್ತಿದಳು.

"ಮೇಡಂ, ಇದನ್ನ ಅವರಿಗೆ ಹೇಳಿದ್ರಾ?"

"ಇಲ್ಲ ಮಾರಾಯ್ತಿ" ಅಂದೆ. "ಬಸ್ಸು ಹೋಯ್ತು."